ಕಾಲೇಜು ಬೋಧಕರಿಗೆ ಪಾಠ ಮಾಡಲು ಕಲಿಸುವವರು ಯಾರು?

ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸಬೇಕಾದರೆ ಡಿ.ಎಲ್.ಎಡ್. ಮುಗಿಸಿರಬೇಕು. ಹಳಬರು ಇದನ್ನು ಇಂದಿಗೂ ಟಿ.ಸಿ.ಎಚ್. ಎಂದೇ ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿ.ಎಡ್. ಬೇಕು. ಪಾಠ ಯೋಜನೆ ಬರೆಯುವುದು, ಕರಿಹಲಗೆಯನ್ನು ಸರಿಯಾಗಿ ಬಳಸುವುದು, ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಗುರುತಿಸುವುದು, ಹಿರಿಯ ಶಿಕ್ಷಕರ ಮುಂದೆ ಪಾಠ ಮಾಡಿ ತಿದ್ದಿಸಿಕೊಳ್ಳುವುದು ಇವೆಲ್ಲ ಆ ತರಬೇತಿಯ ಭಾಗ. ಆದರೆ ಪದವಿ ಕಾಲೇಜಿನಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರುವವರಿಗೆ ಇಂಥ ತರಬೇತಿಯ ಷರತ್ತಿಲ್ಲ. ಸ್ನಾತಕೋತ್ತರ ಪದವಿ, ಅದರ ಜೊತೆಗೆ ನೆಟ್ ಅಥವಾ ಕೆ-ಸೆಟ್ ಇಲ್ಲವೇ ಪಿಎಚ್.ಡಿ. ಇದ್ದರೆ ಅರ್ಹತೆ ಬಂದಂತೆಯೇ. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಕುರಿತು ಕೆಲವು ಪ್ರಶ್ನೆಗಳಿರುತ್ತವೆ, ನಿಜ. ಆದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತು ಮಾಡುವುದು ಬೇರೆ, ತುಂಬಿದ ತರಗತಿಯ ಎದುರು ನಿಂತು ಒಂದು ಗಂಟೆ ಪಾಠ ಮಾಡುವುದು ಬೇರೆ.

ಹೀಗಾಗಿ ಹೆಚ್ಚಿನ ಉಪನ್ಯಾಸಕರು ತಮಗೆ ಪಾಠ ಮಾಡಿದ ಗುರುಗಳನ್ನು ನೆನೆದುಕೊಂಡು ಅವರ ಹಾಗೆಯೇ ಪಾಠ ಆರಂಭಿಸುತ್ತಾರೆ. ಒಳ್ಳೆಯ ಗುರುಗಳು ಸಿಕ್ಕಿದ್ದರೆ ಅದೃಷ್ಟ. ನೋಟ್ಸ್ ಓದಿ ಬರೆಸಿದವರೇ ಸಿಕ್ಕಿದ್ದರೆ ಆ ನೋಟ್ಸಿನ ಪರಂಪರೆಯೇ ಮುಂದುವರಿಯುತ್ತದೆ. ಇದರಲ್ಲಿ ಉಪನ್ಯಾಸಕರನ್ನು ದೂರುವಂಥದ್ದು ಬಹಳವಿಲ್ಲ. ಚೆನ್ನಾಗಿ ಪಾಠ ಮಾಡಬೇಕೆಂಬ ಹಂಬಲವಿರುವವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅವರಿಗೆ ನೆರವು ಎಲ್ಲಿದೆ? ಅದು ತಲುಪಬೇಕಾದವರನ್ನು ತಲುಪುತ್ತಿದೆಯೇ? ಯಾವ ಬಗೆಯ ನೆರವಿನಿಂದ ನಿಜವಾದ ಪ್ರಯೋಜನವಾಗುತ್ತದೆ? ಈ ಮೂರು ಪ್ರಶ್ನೆಗಳನ್ನು ರಾಯಚೂರು ಜಿಲ್ಲೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಪರಿಶೀಲಿಸೋಣ.

ರಾಯಚೂರು ಏಕೆ?

ಕರಾವಳಿಯ ಓದುಗರಿಗೆ ರಾಯಚೂರಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆ ನಮಗೆ ಅಪರಿಚಿತವೇನಲ್ಲ. ಮಾನ್ವಿಯಲ್ಲಿ ಯೇಸುಸಭೆಯವರು ನಡೆಸುವ ಲೊಯೋಲಾ ಶಿಕ್ಷಣ ಸಂಸ್ಥೆಗಳ ಬಗ್ಗೆ ನಮ್ಮ ಓದುಗರಲ್ಲಿ ಅನೇಕರು ಕೇಳಿದ್ದಾರೆ. ಸರ್ಕಾರಿ ಕಾಲೇಜಿಗೆ ನೇಮಕಗೊಂಡು ಉತ್ತರ ಕರ್ನಾಟಕಕ್ಕೆ ಹೋಗುವ ಉಪನ್ಯಾಸಕರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಒಳ್ಳೆಯ ಬೋಧನೆಯಿಂದ ಆಗುವ ವ್ಯತ್ಯಾಸ ಅತ್ಯಂತ ದೊಡ್ಡದಾಗಿ ಕಾಣುವುದು ಇಂಥ ಜಿಲ್ಲೆಗಳಲ್ಲಿಯೇ.

2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57 ಇದ್ದರೆ, ರಾಯಚೂರಿನದು ಶೇ. 59.56. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ನೇಮಕವಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ತಾಲ್ಲೂಕು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಆ ನಂತರ ಬದಲಾವಣೆಗಳಾಗಿವೆ. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ಈ ಭಾಗದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸಿಕ್ಕಿತು. ಮನೆಯಲ್ಲಿ ಹಿಂದೆ ಯಾರೂ ಕಾಲೇಜು ಮೆಟ್ಟಿಲು ಹತ್ತದಿದ್ದ ಕುಟುಂಬಗಳ ಯುವಕ ಯುವತಿಯರು ಇಂದು ಪದವಿ ತರಗತಿಗಳಲ್ಲಿದ್ದಾರೆ. ಬಾಗಿಲು ತೆರೆದಿದೆ, ಒಳಗೆ ಬಂದವರಿಗೆ ಪಾಠ ಅರ್ಥವಾಗುತ್ತಿದೆಯೇ ಎಂಬುದು ಈಗಿನ ಪ್ರಶ್ನೆ.

ದೇವಸುಗೂರನ್ನೇ ತೆಗೆದುಕೊಳ್ಳೋಣ. ರಾಯಚೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಕೃಷ್ಣಾ ನದಿಯ ದಡದಲ್ಲಿರುವ ಊರು ಇದು. ಸೂಗೂರೇಶ್ವರ ದೇವಸ್ಥಾನದಿಂದ ಹೆಸರಾದ ಈ ಊರಿನ ಪಕ್ಕದಲ್ಲೇ ಶಕ್ತಿನಗರವಿದೆ. 1985ರಲ್ಲಿ ಮೊದಲ ಘಟಕ ಆರಂಭಿಸಿದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇಲ್ಲಿಯೇ ಇದೆ. ಅದರ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಹೊಳೆ ದಾಟಿದರೆ ತೆಲಂಗಾಣ. ಮನೆಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. ಇಂಥ ಊರಿನಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಬಿ.ಎಸ್ಸಿ. ಅಥವಾ ಬಿ.ಕಾಂ. ಸೇರಿದಾಗ ಅವಳ ಮುಂದೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ.

ಒಂದು ಸಣ್ಣ ಉದಾಹರಣೆ ಕೊಡುತ್ತೇವೆ. ವಾಣಿಜ್ಯ ಶಾಸ್ತ್ರದಲ್ಲಿ ‘ಡಿಪ್ರಿಸಿಯೇಶನ್’ ಎಂಬ ಪಾಠವಿದೆ. ಮಾನ್ವಿಯ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ರೈತನ ಮಗನಿಗೆ, ಐದು ವರ್ಷ ಓಡಿದ ಟ್ರ್ಯಾಕ್ಟರ್ ಕೊಂಡ ಬೆಲೆಗೆ ಮಾರಾಟವಾಗುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. ಉಪನ್ಯಾಸಕರು ಆ ಟ್ರ್ಯಾಕ್ಟರಿನಿಂದ ಪಾಠ ಆರಂಭಿಸಿ, ‘ಸವಕಳಿ’ ಎಂಬ ಮಾತನ್ನು ಹೇಳಿ, ಅನಂತರ ಇಂಗ್ಲಿಷ್ ಪದಕ್ಕೂ ಲೆಕ್ಕದ ಸೂತ್ರಕ್ಕೂ ಬಂದರೆ ಹುಡುಗನಿಗೆ ತನಗೆ ಗೊತ್ತಿದ್ದ ವಿಷಯಕ್ಕೇ ಹೊಸ ಹೆಸರು ಸಿಕ್ಕಂತಾಗುತ್ತದೆ. ಸೂತ್ರದಿಂದಲೇ ಆರಂಭಿಸಿದರೆ ಅವನು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾನೆ. ಎರಡೂ ಕಡೆ ಪಠ್ಯಕ್ರಮ ಒಂದೇ, ಉಪನ್ಯಾಸಕರ ಡಿಗ್ರಿಯೂ ಒಂದೇ. ಬದಲಾದದ್ದು ಬೋಧನೆ ಮಾತ್ರ. ಈ ಬದಲಾವಣೆಯನ್ನು ಯಾರಾದರೂ ಹೇಳಿಕೊಟ್ಟರೆ ಕಲಿಯಬಹುದು ಎಂಬುದೇ ನಮ್ಮ ಲೇಖನದ ಆಧಾರ.

ಹಿನ್ನೆಲೆ: 1966ರಿಂದ ಇಂದಿನವರೆಗೆ

ಕಾಲೇಜು ಬೋಧಕರಿಗೂ ನೆರವು ಬೇಕು ಎಂಬುದು ಹೊಸ ವಿಚಾರವಲ್ಲ. ಡಾ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರಲ್ಲಿ ಕೊಟ್ಟ ವರದಿಯಲ್ಲಿಯೇ ಇದನ್ನು ಹೇಳಿತ್ತು. ಹೊಸದಾಗಿ ಸೇರಿದ ಉಪನ್ಯಾಸಕರಿಗೆ ಸಂಸ್ಥೆಗೆ ಹೊಂದಿಕೊಳ್ಳಲು ಸಮಯ ಕೊಡಬೇಕು, ಒಳ್ಳೆಯ ಬೋಧಕರ ತರಗತಿಗಳಲ್ಲಿ ಕುಳಿತು ಪಾಠ ಕೇಳಲು ಅವರನ್ನು ಪ್ರೋತ್ಸಾಹಿಸಬೇಕು, ಪ್ರತಿ ವಿಶ್ವವಿದ್ಯಾಲಯದಲ್ಲಿಯೂ ಸಾಧ್ಯವಾದರೆ ಪ್ರತಿ ಕಾಲೇಜಿನಲ್ಲಿಯೂ ಪರಿಚಯ ತರಬೇತಿ ನಡೆಸಬೇಕು, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದಕ್ಕಾಗಿಯೇ ಶಾಶ್ವತವಾದ ಕಾಲೇಜು ಇರಬೇಕು ಎಂಬುದು ಅದರ ಸಲಹೆಯ ಸಾರಾಂಶ.

ಈ ಸಲಹೆಗೆ ರೂಪ ಬಂದದ್ದು ಇಪ್ಪತ್ತು ವರ್ಷಗಳ ನಂತರ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., ದೇಶದ ವಿವಿಧ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೊಸಬರಿಗೆ ನಾಲ್ಕು ವಾರಗಳ ಓರಿಯಂಟೇಶನ್ ಕೋರ್ಸ್, ಅನುಭವಿಗಳಿಗೆ ಮೂರು ವಾರಗಳ ರಿಫ್ರೆಶರ್ ಕೋರ್ಸ್. ದಿನಕ್ಕೆ ಆರು ಗಂಟೆಯಂತೆ ಮೊದಲನೆಯದಕ್ಕೆ 144 ಗಂಟೆ, ಎರಡನೆಯದಕ್ಕೆ 108 ಗಂಟೆ. ಓರಿಯಂಟೇಶನ್ ಕೋರ್ಸಿನಲ್ಲಿ ಸಮಾಜ ಮತ್ತು ಶಿಕ್ಷಣದ ಸಂಬಂಧ, ಶಿಕ್ಷಣದ ತತ್ವ ಮತ್ತು ಬೋಧನಾ ವಿಧಾನ, ಜ್ಞಾನದ ಆಕರಗಳ ಬಳಕೆ, ಆಡಳಿತ ಮತ್ತು ವ್ಯಕ್ತಿತ್ವ ವಿಕಸನ ಎಂಬ ನಾಲ್ಕು ಭಾಗಗಳಿದ್ದವು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೇಂದ್ರಗಳು ನಡೆದವು. ನಮ್ಮ ಕರಾವಳಿಯ ಹಿರಿಯ ಪ್ರಾಧ್ಯಾಪಕರಲ್ಲಿ ಹಲವರು ಅಲ್ಲಿ ತಿಂಗಳುಗಟ್ಟಲೆ ಉಳಿದು ಬಂದವರೇ. ಬೇರೆ ಬೇರೆ ಊರಿನ, ಬೇರೆ ಬೇರೆ ವಿಷಯದ ಬೋಧಕರು ಒಂದೇ ಹಾಸ್ಟೆಲಿನಲ್ಲಿದ್ದು, ರಾತ್ರಿ ಊಟದ ನಂತರವೂ ತಮ್ಮ ತರಗತಿಯ ಕಷ್ಟಸುಖ ಮಾತನಾಡಿಕೊಳ್ಳಲು ಸಿಗುತ್ತಿದ್ದ ಅವಕಾಶ ಉಪನ್ಯಾಸಗಳಷ್ಟೇ ಬೆಲೆಯುಳ್ಳದ್ದು.

2015ರಲ್ಲಿ ಇವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದು ಹೆಸರು ಬದಲಿಸಿಕೊಂಡವು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆ ಆರಂಭವಾಗಿ, ಮರುವರ್ಷದಿಂದ ಬೋಧಕರ ರಿಫ್ರೆಶರ್ ಕೋರ್ಸುಗಳೂ ಅದರಲ್ಲಿ ಸಿಗತೊಡಗಿದವು. 2023ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕಾರ್ಯಕ್ರಮ ಆರಂಭವಾಯಿತು. ದೇಶದ 111 ಕೇಂದ್ರಗಳ ಮೂಲಕ ಉನ್ನತ ಶಿಕ್ಷಣದ 15 ಲಕ್ಷ ಬೋಧಕರನ್ನು ತಲುಪುವುದು ಅದರ ಗುರಿ ಎಂದು ಆಗ ಪ್ರಕಟಿಸಲಾಯಿತು. ಕರ್ನಾಟಕ ಸರ್ಕಾರವೂ ತನ್ನ ಪದವಿ ಕಾಲೇಜುಗಳ ಬೋಧಕರಿಗಾಗಿ ಧಾರವಾಡದಲ್ಲಿ ಉನ್ನತ ಶಿಕ್ಷಣ ಅಕಾಡೆಮಿಯನ್ನು ಸ್ಥಾಪಿಸಿದೆ. ಹೀಗೆ ನೋಡಿದರೆ ವ್ಯವಸ್ಥೆ ಇಲ್ಲವೆಂದು ಹೇಳುವಂತಿಲ್ಲ. ಅದು ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನು ನೋಡಬೇಕು.

ಒಂದೇ ಊರು, ಬೇರೆ ಬೇರೆ ಭಾಗ್ಯ

ರಾಯಚೂರು ನಗರದ ಸುತ್ತಮುತ್ತ ಇಂದು ಉನ್ನತ ಶಿಕ್ಷಣದ ಹಲವು ಸಂಸ್ಥೆಗಳಿವೆ. 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್, 2009ರಲ್ಲಿ ಧಾರವಾಡದಿಂದ ಬೇರ್ಪಟ್ಟ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಯರಮರಸಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, 2019ರಲ್ಲಿ ಆರಂಭವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಮತ್ತು 2021ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಯರಗೇರಾದಲ್ಲಿ ನೆಲೆಗೊಂಡ ರಾಯಚೂರು ವಿಶ್ವವಿದ್ಯಾಲಯ. ಈಚೆಗೆ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯ ಹೆಸರನ್ನು ಪಡೆದಿರುವ ಈ ಕೊನೆಯ ವಿಶ್ವವಿದ್ಯಾಲಯಕ್ಕೆ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಪದವಿ ಕಾಲೇಜುಗಳು ಸೇರುತ್ತವೆ. ಈ ಸಂಸ್ಥೆಗಳ ಬೋಧಕರಿಗೆ ಸಿಗುವ ನೆರವು ಒಂದೇ ಬಗೆಯದಲ್ಲ.

ವೈದ್ಯಕೀಯ ಶಿಕ್ಷಣದಲ್ಲಿ ನಿಯಮ ಬಿಗಿಯಾಗಿದೆ. ಪ್ರತಿ ವೈದ್ಯಕೀಯ ಕಾಲೇಜಿನ ಒಳಗೇ ವೈದ್ಯಕೀಯ ಶಿಕ್ಷಣ ಘಟಕ ಇರಬೇಕು. ಬೋಧನಾ ವಿಧಾನದ ಮೂಲ ಕೋರ್ಸನ್ನು ಮುಗಿಸದೆ ಬಡ್ತಿ ಸಿಗುವುದಿಲ್ಲ. 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾದಾಗ ಅದನ್ನು ಹೇಗೆ ಬೋಧಿಸಬೇಕೆಂಬ ಕಾರ್ಯಾಗಾರಗಳು ಕಾಲೇಜುಗಳಲ್ಲಿಯೇ ನಡೆದವು. ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ವೈದ್ಯರೂ ‘ಪ್ರಶ್ನೆಪತ್ರಿಕೆ ಹೇಗೆ ತೆಗೆಯಬೇಕು, ಹಾಸಿಗೆಯ ಪಕ್ಕ ನಿಂತು ಹೇಗೆ ಕಲಿಸಬೇಕು’ ಎಂಬುದನ್ನು ವಿದ್ಯಾರ್ಥಿಗಳಂತೆ ಕುಳಿತು ಕಲಿಯುತ್ತಾರೆ.

ಕೃಷಿ ವಿಶ್ವವಿದ್ಯಾಲಯಗಳ ಬೋಧಕರಿಗೆ ಹೈದರಾಬಾದಿನಲ್ಲಿ 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಕೃಷಿ ಸಂಶೋಧನಾ ನಿರ್ವಹಣಾ ಅಕಾಡೆಮಿ, ಅಂದರೆ ‘ನಾರ್ಮ್’ ಇದೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊಸದಾಗಿ ಸೇರುವವರಿಗಾಗಿ ಎ.ಐ.ಸಿ.ಟಿ.ಇ. ಎಂಟು ಘಟಕಗಳ ಆನ್‌ಲೈನ್ ತರಬೇತಿಯನ್ನು ರೂಪಿಸಿದೆ. ಮಾಹಿತಿ ತಂತ್ರಜ್ಞಾನ ಸಂಸ್ಥೆಗೆ ಆರಂಭದಲ್ಲಿ ಹೈದರಾಬಾದಿನ ಐ.ಐ.ಟಿ. ಮಾರ್ಗದರ್ಶಿಯಾಗಿ ನಿಂತಿತು, ಹಿರಿಯ ಸಂಸ್ಥೆ ಕಿರಿಯ ಸಂಸ್ಥೆಯ ಕೈಹಿಡಿದು ನಡೆಸಿದಂತೆ.

ಇನ್ನು ದೇವದುರ್ಗ, ಮಾನ್ವಿಯಂಥ ಊರುಗಳ ಪದವಿ ಕಾಲೇಜಿಗೆ ಬನ್ನಿ. ಬಿ.ಎ., ಬಿ.ಕಾಂ. ಓದುವ ಬಡ ಮಕ್ಕಳು ಹೆಚ್ಚಾಗಿ ಸೇರುವುದು ಇಲ್ಲಿಗೆ. ಇಲ್ಲಿನ ಬೋಧಕರು ತರಬೇತಿಗಾಗಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕು, ಇಲ್ಲವೇ ಕಂಪ್ಯೂಟರಿನ ಮುಂದೆ ಕುಳಿತು ಆನ್‌ಲೈನಿನಲ್ಲಿ ಕೇಳಬೇಕು. ಇಂಥ ಕೋರ್ಸುಗಳು ಬಡ್ತಿಗೆ ಅಗತ್ಯವಾದುದರಿಂದ ಕಾಯಂ ಬೋಧಕರು ಹೇಗೋ ಮುಗಿಸುತ್ತಾರೆ. ಆದರೆ ವೈದ್ಯಕೀಯ ಕಾಲೇಜಿನಲ್ಲಿರುವಂತೆ, ಸೋಮವಾರದ ಪಾಠ ಕೈಕೊಟ್ಟರೆ ಮಂಗಳವಾರ ಹೋಗಿ ಕೇಳಬಹುದಾದ ಘಟಕ ಅವರ ಕಾಲೇಜಿನ ಒಳಗೆ ಇರಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ನೆರವಾಗುವವರಿಲ್ಲದ ವಿದ್ಯಾರ್ಥಿಗೆ ಬೋಧಕರೊಬ್ಬರೇ ಆಸರೆ. ಆ ಬೋಧಕರಿಗೇ ಆಸರೆ ಅತ್ಯಂತ ಕಡಿಮೆ. ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದು.

ಇದರ ಮೇಲೆ ಪಠ್ಯಕ್ರಮದ ಏರುಪೇರು ಬೇರೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ರಾಜ್ಯದಲ್ಲಿ ಆರಂಭವಾಯಿತು. 2024–25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಪಾಠದ ಪಟ್ಟಿ ಬದಲಾದಾಗ ಬೋಧಕರ ಗಮನವೆಲ್ಲ ‘ಏನು ಬೋಧಿಸಬೇಕು’ ಎಂಬುದರ ಕಡೆಗೇ ಹೋಯಿತು. ‘ಹೇಗೆ ಬೋಧಿಸಬೇಕು’ ಎಂಬುದು ಹಿಂದೆ ಉಳಿಯಿತು.

ಅತಿಥಿ ಉಪನ್ಯಾಸಕರ ಪಾಡು

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಹುಪಾಲು ತರಗತಿಗಳ ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ, ಅವರ ದೀರ್ಘ ಹೋರಾಟದ ನಂತರ, ಸರ್ಕಾರ ಗೌರವಧನವನ್ನು ಹೆಚ್ಚಿಸಿತು; ಅದರೊಂದಿಗೆ ವಾರದ ಬೋಧನೆಯ ಅವಧಿಯನ್ನು 15 ಗಂಟೆಗೆ ಏರಿಸಿತು. ಗೌರವಧನ ಏರಿದ್ದು ಸಂತೋಷದ ಸಂಗತಿ. ಆದರೆ ಇವರ ಕೆಲಸ ಆಯಾ ಶೈಕ್ಷಣಿಕ ವರ್ಷಕ್ಕೆ ಸೀಮಿತ. ಬರುವ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆಯೇ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ತರಬೇತಿಯ ಬಾಗಿಲು ಇವರಿಗೆ ಮುಚ್ಚಿತ್ತೇ? ಇಲ್ಲ. ಕನಿಷ್ಠ ಮೂರು ಶೈಕ್ಷಣಿಕ ಅವಧಿ ಪಾಠ ಮಾಡಿದ ಅರೆಕಾಲಿಕ, ತಾತ್ಕಾಲಿಕ ಮತ್ತು ಗುತ್ತಿಗೆ ಬೋಧಕರನ್ನೂ ಓರಿಯಂಟೇಶನ್ ಮತ್ತು ರಿಫ್ರೆಶರ್ ಕೋರ್ಸುಗಳಿಗೆ ಸೇರಿಸಿಕೊಳ್ಳಬಹುದು ಎಂದು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಕಾಲದ ಯು.ಜಿ.ಸಿ. ಮಾರ್ಗಸೂಚಿಯಲ್ಲಿಯೇ ಇತ್ತು. ಆದರೆ ಕಾಗದದ ಮೇಲಿನ ಅನುಮತಿಯಿಂದ ಊಟ ನಡೆಯುವುದಿಲ್ಲ. ಮೂರು ವಾರ ತರಗತಿ ಬಿಟ್ಟು ಹೋದರೆ ಆ ದಿನಗಳ ಪಾಠ ಯಾರು ಮಾಡುತ್ತಾರೆ, ಗೌರವಧನ ಬರುತ್ತದೆಯೇ, ಮರಳಿದಾಗ ಕೆಲಸ ಇರುತ್ತದೆಯೇ ಎಂಬ ಚಿಂತೆಯ ಮುಂದೆ ತರಬೇತಿಯ ಆಸೆ ಹಿಂದೆ ಸರಿಯುತ್ತದೆ. ಬಡ್ತಿಯೇ ಇಲ್ಲದವರಿಗೆ ಬಡ್ತಿಯ ಆಸೆ ತೋರಿಸಿ ಕರೆಯುವುದೂ ಸಾಧ್ಯವಿಲ್ಲ. ಹಾಗಿದ್ದರೂ ರಜೆಯಲ್ಲಿ ಸ್ವಂತ ಮೊಬೈಲಿನಲ್ಲಿ ಕೋರ್ಸು ಮಾಡಿ, ಕಲಿತದ್ದನ್ನು ತರಗತಿಯಲ್ಲಿ ಪ್ರಯೋಗಿಸುವ ಅತಿಥಿ ಉಪನ್ಯಾಸಕರಿದ್ದಾರೆ. ಅವರನ್ನು ಕಂಡಾಗ ಗೌರವ ಮೂಡುತ್ತದೆ.

ಪ್ರಮಾಣಪತ್ರ ಬಂತು, ಪಾಠ ಬದಲಾಯಿತೇ?

ತರಬೇತಿ ಕೋರ್ಸುಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅವುಗಳಿಗೊಂದು ಮಿತಿಯಿದೆ. ಎಲ್ಲೋ ಕೇಳಿದ ಉಪನ್ಯಾಸ ಇಲ್ಲಿಯ ತರಗತಿಯಲ್ಲಿ ತಾನಾಗಿಯೇ ಫಲ ಕೊಡುವುದಿಲ್ಲ. ಗುಂಪು ಚರ್ಚೆ ಒಳ್ಳೆಯದು ಎಂದು ಕೇಳಿ ಬಂದ ಉಪನ್ಯಾಸಕಿ ತನ್ನ ತರಗತಿಯಲ್ಲಿ ಅದನ್ನು ಮಾಡಲು ಹೊರಟಾಗ, ಅಲುಗಾಡಿಸಲಾಗದ ಬೆಂಚುಗಳು, ಹುಡುಗರ ಮುಂದೆ ಬಾಯಿ ಬಿಡಲು ನಾಚುವ ಹುಡುಗಿಯರು, ಪಕ್ಕದ ತರಗತಿಯಿಂದ ಬರುವ ಗದ್ದಲದ ದೂರು ಎದುರಾಗುತ್ತವೆ. ಆ ಗಳಿಗೆಯಲ್ಲಿ ಸಲಹೆ ಕೊಡಲು ಯಾರಾದರೂ ಹತ್ತಿರದಲ್ಲಿದ್ದರೆ ಅವರು ಎರಡನೇ ಬಾರಿ ಪ್ರಯತ್ನಿಸುತ್ತಾರೆ. ಇಲ್ಲದಿದ್ದರೆ ಮತ್ತೆ ನೋಟ್ಸಿಗೇ ಮರಳುತ್ತಾರೆ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿಯೇ ಕಲಿಕೆ ಮತ್ತು ಬೋಧನೆಗಾಗಿ ಪ್ರತ್ಯೇಕ ಕೇಂದ್ರ ಆರಂಭವಾಯಿತು. ಅಂಥ ಕೇಂದ್ರಗಳ ಮುಖ್ಯ ಗುಣ ಎರಡು. ಮೊದಲನೆಯದಾಗಿ, ಅವು ಬೋಧಕರು ಕೆಲಸ ಮಾಡುವ ಜಾಗದಲ್ಲಿಯೇ ಇರುತ್ತವೆ. ಎರಡನೆಯದಾಗಿ, ನೆರವು ಕೇಳಿ ಬಂದ ಬೋಧಕರ ವಿಷಯ ಮೇಲಧಿಕಾರಿಗಳಿಗೆ ಹೋಗುವುದಿಲ್ಲ. ವೈದ್ಯರ ಬಳಿ ಹೇಳಿಕೊಂಡ ಕಾಯಿಲೆ ಊರಿಗೆಲ್ಲ ತಿಳಿಯುವುದಾದರೆ ಯಾರು ತಾನೇ ವೈದ್ಯರ ಬಳಿ ಹೋಗುತ್ತಾರೆ? ‘ನನಗೆ ಈ ಪಾಠ ಸರಿಯಾಗಿ ಮಾಡಲು ಬರುತ್ತಿಲ್ಲ’ ಎಂದು ಭಯವಿಲ್ಲದೆ ಹೇಳಲು ಅವಕಾಶವಿದ್ದರೆ ಮಾತ್ರ ಸುಧಾರಣೆ ಆರಂಭವಾಗುತ್ತದೆ.

ಕಾಲೇಜಿನಲ್ಲಿಯೇ ಮಾಡಬಹುದಾದ ನಾಲ್ಕು ಕೆಲಸಗಳು

ಇಂಥ ನೆರವಿಗೆ ದೊಡ್ಡ ಕಟ್ಟಡವಾಗಲಿ ಅನುದಾನವಾಗಲಿ ಇರಲೇಬೇಕೆಂದಿಲ್ಲ. ಬಹಳ ಕಾಲದಿಂದ ಬಳಕೆಯಲ್ಲಿರುವ ನಾಲ್ಕು ವಿಧಾನಗಳನ್ನು ಇಲ್ಲಿ ವಿವರಿಸುತ್ತೇವೆ. ಬಳಸಲು ಬೇಕಾದದ್ದು ಸ್ವಲ್ಪ ಸಮಯ ಮತ್ತು ಪರಸ್ಪರ ವಿಶ್ವಾಸ.

ಮೊದಲನೆಯದು, ಸಹೋದ್ಯೋಗಿಯ ತರಗತಿಯಲ್ಲಿ ಕುಳಿತುಕೊಳ್ಳುವುದು. ಕೊಠಾರಿ ಆಯೋಗ ಹೇಳಿದ್ದು ಇದನ್ನೇ. ಇಬ್ಬರು ಬೋಧಕರು ಜೊತೆಯಾಗಬೇಕು, ಒಂದೇ ವಿಷಯದವರಾಗಬೇಕೆಂದಿಲ್ಲ. ತರಗತಿಗೆ ಮೊದಲು ಹತ್ತು ನಿಮಿಷ ಕುಳಿತು, ‘ಹಿಂದಿನ ಬೆಂಚಿನವರು ಗಮನ ಕೊಡುತ್ತಾರೆಯೇ ನೋಡಿ’ ಎಂದೋ, ‘ನಾನು ಬಹಳ ವೇಗವಾಗಿ ಹೋಗುತ್ತೇನೆಯೇ ನೋಡಿ’ ಎಂದೋ ಮೊದಲೇ ಹೇಳಿಕೊಳ್ಳಬೇಕು. ನೋಡಲು ಬಂದವರು ಹಿಂದೆ ಕುಳಿತು ಕಂಡದ್ದನ್ನು ಮಾತ್ರ ಬರೆದುಕೊಳ್ಳಬೇಕು: ಎಷ್ಟು ಪ್ರಶ್ನೆ ಕೇಳಿದರು, ಉತ್ತರಕ್ಕಾಗಿ ಎಷ್ಟು ಹೊತ್ತು ಕಾದರು, ಎಷ್ಟು ಮಂದಿ ಮಾತನಾಡಿದರು, ಅವರಲ್ಲಿ ಹುಡುಗಿಯರೆಷ್ಟು. ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಎಂಬ ತೀರ್ಪು ಬೇಡ. ನಂತರದ ಮಾತುಕತೆಯಲ್ಲಿ ಪಾಠ ಮಾಡಿದವರೇ ಮೊದಲು ಮಾತನಾಡಬೇಕು. ಆ ಕಾಗದ ಅವರ ಕೈಗೇ ಸೇರಬೇಕು, ಪ್ರಾಂಶುಪಾಲರ ಫೈಲಿಗಲ್ಲ.

ಎರಡನೆಯದು, ಸೆಮಿಸ್ಟರಿನ ನಡುವೆಯೇ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವುದು. ನಮ್ಮ ಕಾಲೇಜುಗಳಲ್ಲಿ ಅಭಿಪ್ರಾಯ ಪತ್ರ ತುಂಬಿಸುವುದು ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ. ಅದರಿಂದ ಬರೆದವರಿಗೆ ಪ್ರಯೋಜನವಿಲ್ಲ. ಅವರ ಪಾಠ ಮುಗಿದೇ ಹೋಗಿರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ಸರಳ ಕ್ರಮ ಹೀಗಿದೆ: ಏಳೆಂಟು ವಾರ ಕಳೆದ ಮೇಲೆ ಬೋಧಕರು ತರಗತಿಯಿಂದ ಹೊರಗೆ ಹೋಗುತ್ತಾರೆ, ಅವರು ನಂಬುವ ಸಹೋದ್ಯೋಗಿಯೊಬ್ಬರು ಒಳಗೆ ಬರುತ್ತಾರೆ. ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಕಲಿಯಲು ಯಾವುದು ಸಹಾಯ ಮಾಡುತ್ತಿದೆ? ಯಾವುದು ಅಡ್ಡಿಯಾಗಿದೆ? ಏನು ಬದಲಾಗಬೇಕು? ಬಹುತೇಕರು ಒಪ್ಪಿದ ಮಾತುಗಳನ್ನು ಹೆಸರಿಲ್ಲದೆ ಬೋಧಕರಿಗೆ ತಿಳಿಸಲಾಗುತ್ತದೆ. ಮುಂದಿನ ತರಗತಿಯಲ್ಲಿ ಬೋಧಕರು ‘ಇದನ್ನು ಬದಲಿಸುತ್ತೇನೆ, ಇದನ್ನು ಈ ಕಾರಣಕ್ಕೆ ಬದಲಿಸಲಾರೆ’ ಎಂದು ಉತ್ತರ ಕೊಡುತ್ತಾರೆ. ರಾಯಚೂರಿನ ತರಗತಿಯಲ್ಲಿ ಇದು ಕನ್ನಡದಲ್ಲಿಯೇ ನಡೆಯಬೇಕು; ತೆಲುಗು, ಉರ್ದು ಮಾತನಾಡುವವರಿಗೂ ತಮ್ಮ ಮಾತಿನಲ್ಲಿ ಹೇಳಲು ಅವಕಾಶವಿರಬೇಕು.

ಮೂರನೆಯದು, ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಕ್ರಮ ನಮ್ಮ ಬಿ.ಎಡ್. ಕಾಲೇಜುಗಳಿಗೆ ಚಿರಪರಿಚಿತ. ಇಡೀ ಪಾಠವಲ್ಲ, ಐದರಿಂದ ಹತ್ತು ನಿಮಿಷದ ಒಂದು ತುಣುಕನ್ನು ಸಹೋದ್ಯೋಗಿಗಳ ಮುಂದೆ ಮಾಡಿ, ಅವರ ಮಾತು ಕೇಳಿ, ತಿದ್ದಿಕೊಂಡು, ಮತ್ತೊಮ್ಮೆ ಮಾಡುವುದು. ಗುರುಮಠದಲ್ಲಿ ಪ್ರಬೋಧನೆ ಕಲಿಯುವವರೂ ಹೀಗೆಯೇ ಸಹಪಾಠಿಗಳ ಮುಂದೆ ನಿಂತು ಅವರ ಟೀಕೆ ಕೇಳಿ ಕಲಿಯುತ್ತಾರೆ. ಮೊದಲ ಬಾರಿ ಕಾಲು ನಡುಗುತ್ತದೆ. ಮೂರನೇ ಬಾರಿಗೆ ಮಾತು ಹದಕ್ಕೆ ಬರುತ್ತದೆ.

ನಾಲ್ಕನೆಯದು, ಚೀಟಿ ಮತ್ತು ಪದಪಟ್ಟಿ. ತರಗತಿಯ ಕೊನೆಯ ಎರಡು ನಿಮಿಷದಲ್ಲಿ ವಿದ್ಯಾರ್ಥಿಗಳು ಒಂದು ಚೀಟಿಯಲ್ಲಿ, ಇಂದು ಅರ್ಥವಾದ ಮುಖ್ಯ ವಿಷಯ ಯಾವುದು, ಅರ್ಥವಾಗದೆ ಉಳಿದದ್ದು ಯಾವುದು ಎಂದು ಹೆಸರು ಹಾಕದೆ ಬರೆದುಕೊಡಬೇಕು. ಇಪ್ಪತ್ತು ಚೀಟಿಗಳಲ್ಲಿ ಒಂದೇ ಸಂದೇಹ ಇದ್ದರೆ ಮರುದಿನದ ಪಾಠ ಎಲ್ಲಿಂದ ಆರಂಭವಾಗಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಇದರ ಜೊತೆಗೆ ಪ್ರತಿ ಅಧ್ಯಾಯಕ್ಕೂ ಹದಿನೈದು ಇಪ್ಪತ್ತು ಮುಖ್ಯ ಪದಗಳ ಇಂಗ್ಲಿಷ್-ಕನ್ನಡ ಪಟ್ಟಿಯನ್ನು ವಿಭಾಗದವರೆಲ್ಲ ಸೇರಿ ಸಿದ್ಧಪಡಿಸಿದರೆ, ಸವಕಳಿಯಂಥ ಮಾತುಗಳು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಕೈಗೆ ಸೇರುತ್ತವೆ. ಇದರಿಂದ ಇಂಗ್ಲಿಷ್ ಕಲಿಕೆ ಕುಂಠಿತವಾಗುತ್ತದೆ ಎಂಬ ಹೆದರಿಕೆ ಬೇಡ. ಅರ್ಥ ತಿಳಿದ ಮೇಲೆ ಪದ ನೆನಪಿನಲ್ಲಿ ಉಳಿಯುವುದು ಸುಲಭ.

ಯಾರು ಏನು ಮಾಡಬಹುದು?

ವಿಶ್ವವಿದ್ಯಾಲಯ ಇನ್ನೂ ಎಳೆಯದು. ಅಭ್ಯಾಸಗಳು ಗಟ್ಟಿಯಾಗುವ ಮೊದಲೇ ಒಳ್ಳೆಯ ಅಭ್ಯಾಸವನ್ನು ರೂಢಿಸಬಹುದು. ಯರಗೇರಾದಲ್ಲಿ ಇಬ್ಬರು ಮೂವರು ಅನುಭವಿ ಬೋಧಕರ ಸಣ್ಣ ಘಟಕವೊಂದಿದ್ದು, ಅವರು ತಿಂಗಳಿಗೊಮ್ಮೆ ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರಿನ ಕಾಲೇಜುಗಳಿಗೆ ತಾವೇ ಹೋದರೆ, ನೂರು ಮಂದಿ ಧಾರವಾಡಕ್ಕೆ ಹೋಗುವುದಕ್ಕಿಂತ ಅದು ಸುಲಭ. ಅದೇ ನಗರದಲ್ಲಿರುವ ವೈದ್ಯಕೀಯ ಮತ್ತು ಕೃಷಿ ಶಿಕ್ಷಣದ ಅನುಭವಿಗಳನ್ನು ಕರೆದು ಕೇಳುವುದಕ್ಕೂ ಅಡ್ಡಿಯಿಲ್ಲ. ವಿಷಯ ಬೇರೆಯಾದರೂ ತರಗತಿಯ ಸಮಸ್ಯೆಗಳು ಬಹುಮಟ್ಟಿಗೆ ಒಂದೇ.

ಪ್ರಾಂಶುಪಾಲರು ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಗಂಟೆಯನ್ನು ಬೋಧಕರ ಮಾತುಕತೆಗಾಗಿ ಬಿಡಿಸಿಕೊಟ್ಟರೆ ಅರ್ಧ ಕೆಲಸವಾದಂತೆ. ಅತಿಥಿ ಉಪನ್ಯಾಸಕರೂ ಅದರಲ್ಲಿ ಕುಳಿತುಕೊಳ್ಳಬೇಕು, ಮತ್ತು ಆ ಗಂಟೆ ಅವರ 15 ಗಂಟೆಗಳ ಲೆಕ್ಕದಲ್ಲಿ ಸೇರಬೇಕು. ಸಂಬಳವಿಲ್ಲದ ಗಂಟೆಯನ್ನು ಅವರಿಂದ ಕೇಳುವುದು ನ್ಯಾಯವಲ್ಲ. ನ್ಯಾಕ್ ಮೌಲ್ಯಮಾಪನಕ್ಕಾಗಿ ಎಷ್ಟು ಮಂದಿ ಎಷ್ಟು ತರಬೇತಿಗೆ ಹೋದರು ಎಂದು ಎಣಿಸುವ ಕಾಲೇಜುಗಳು, ಹೋಗಿ ಬಂದವರ ಪಾಠದಲ್ಲಿ ಏನು ಬದಲಾಯಿತು ಎಂದೂ ಒಮ್ಮೆ ಕೇಳಲಿ.

ಈ ಮಾತು ನಮ್ಮ ಸ್ವಂತ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಕರಾವಳಿಯಲ್ಲಿ ಧರ್ಮಪ್ರಾಂತ್ಯ ಮತ್ತು ಧಾರ್ಮಿಕ ಸಭೆಗಳು ನಡೆಸುವ ಕಾಲೇಜುಗಳಲ್ಲಿಯೂ ಆಡಳಿತ ಮಂಡಳಿ ನೇಮಿಸಿದ, ಅನುದಾನರಹಿತ ಹುದ್ದೆಗಳ ಯುವ ಬೋಧಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಟ್ಟಡಕ್ಕೆ, ಸ್ಮಾರ್ಟ್ ಬೋರ್ಡಿಗೆ ಹಣ ಹೊಂದಿಸುವ ನಾವು, ಆ ಬೋರ್ಡಿನ ಮುಂದೆ ನಿಲ್ಲುವವರಿಗೆ ಸಂಬಳಸಹಿತ ತರಬೇತಿ ರಜೆಯನ್ನೂ ಕೊಡಲು ಸಾಧ್ಯವೇ ಎಂದು ಯೋಚಿಸಬೇಕು.

ಇನ್ನು ಹೆತ್ತವರ ವಿಷಯ. ಕಾಲೇಜಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ನಾವು ಹೆಚ್ಚಾಗಿ ಕೇಳುವುದು ಫಲಿತಾಂಶ, ಫೀಸು ಮತ್ತು ಹಾಜರಾತಿಯ ಬಗ್ಗೆ. ‘ನಿಮ್ಮ ಬೋಧಕರಿಗೆ ಕಲಿಯಲು ಏನು ಅನುಕೂಲ ಮಾಡಿದ್ದೀರಿ?’ ಎಂಬ ಪ್ರಶ್ನೆಯನ್ನೂ ಸೇರಿಸೋಣ. ಚೆನ್ನಾಗಿ ಪಾಠ ಮಾಡುವವರನ್ನು ಕಂಡಾಗ ಅದನ್ನು ಅವರ ಮುಂದೆಯೇ ಹೇಳೋಣ. ಸಂಶೋಧನಾ ಲೇಖನಕ್ಕೆ ಅಂಕಗಳಿವೆ, ಸೆಮಿನಾರಿಗೆ ಪ್ರಮಾಣಪತ್ರವಿದೆ. ಅರ್ಥವಾಗುವಂತೆ ಮಾಡಿದ ಒಂದು ಪಾಠಕ್ಕೆ ಸಿಗುವುದು ವಿದ್ಯಾರ್ಥಿಯ ಮುಖದಲ್ಲಿ ಕಾಣುವ ಬೆಳಕು ಮಾತ್ರ.

ನಮ್ಮ ಧರ್ಮಕೇಂದ್ರಗಳಿಂದ ರಾಯಚೂರಿಗೋ ಯಾದಗಿರಿಗೋ ವರ್ಗವಾಗಿ ಹೋಗುವ ಉಪನ್ಯಾಸಕರಿಗೆ ಕೊನೆಯದಾಗಿ ಒಂದು ಮಾತು. ಅಲ್ಲಿಯ ಬಿಸಿಲು, ಊರಿನ ದೂರ, ಊಟದ ವ್ಯತ್ಯಾಸ ಎಲ್ಲವೂ ನಿಜ. ಆದರೆ ನಿಮ್ಮ ಎದುರು ಕುಳಿತವರು ಮನೆಯ ಮೊದಲ ಪದವೀಧರರಾಗಲು ಬಂದವರು. ವರ್ಗಾವಣೆಯ ಅರ್ಜಿ ಹಾಕುವ ಹಕ್ಕು ನಿಮಗಿದೆ. ಅದರ ಉತ್ತರ ಬರುವವರೆಗಿನ ಒಂದು ಸೆಮಿಸ್ಟರಿನಲ್ಲಿಯಾದರೂ ಪಕ್ಕದ ಸಹೋದ್ಯೋಗಿಯನ್ನು ನಿಮ್ಮ ತರಗತಿಗೆ ಕರೆಯಿರಿ, ಅವರ ತರಗತಿಯಲ್ಲಿ ನೀವು ಕುಳಿತುಕೊಳ್ಳಿ. ಇದಕ್ಕೆ ಯಾರ ಆದೇಶವೂ ಬೇಕಾಗಿಲ್ಲ.